ಸ್ಪೋರ್ಟ್ಸ್ ಕಾರಿಗೆ ಸ್ನೋ ಚೈನ್: ಮೊದಲು ಟೈರಿನ ಒಳಬದಿ ನೋಡಿ, ಆಮೇಲೆ ಟಾಹೋಗೆ ಹೊರಡಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಜನವರಿ ಬಂತೆಂದರೆ ಲೇಕ್ ಟಾಹೋ ನೆನಪಾಗುತ್ತದೆ. ಫ್ರೀಮಾಂಟ್, ಸನ್ನಿವೇಲ್ ಕಡೆಯಿಂದ ಬೆಳಗಿನ ಜಾವ ನಾಲ್ಕಕ್ಕೇ ಹೊರಟು, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಚಿತ್ರಾನ್ನ ಇಟ್ಟುಕೊಂಡು, ಐ-80ರಲ್ಲಿ ಸ್ಯಾಕ್ರಮೆಂಟೊ ದಾಟಿ ಸಿಯೆರಾ ಬೆಟ್ಟ ಹತ್ತುತ್ತಾರೆ. ಆಬರ್ನ್ ತನಕ ಎಲ್ಲ ಸಲೀಸು. ಅಲ್ಲಿಂದ ಮೇಲೆ ಹಿಮ ಬೀಳುತ್ತಿದ್ದರೆ ಪ್ರತಿ ವರ್ಷ ಒಂದೇ ನೋಟ ಕಣ್ಣಿಗೆ ಬೀಳುತ್ತದೆ. ರಸ್ತೆ ಅಂಚಿನಲ್ಲಿ ನೆಲಕ್ಕೆ ತಾಗುವ ಹಾಗೆ ಕೂತ ಒಳ್ಳೆಯ ಕಾರು, ಪಕ್ಕದಲ್ಲಿ ಕೆಸರು ಹಿಮಕ್ಕೆ ಮೊಣಕಾಲೂರಿದ ಒಬ್ಬರು, ಅವರ ಕೈಯಲ್ಲಿ ಗಂಟು ಬಿದ್ದ ಸ್ನೋ ಚೈನ್, ಅಂದರೆ ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತುವ ಸರಪಳಿ.

ಹಾಗೆ ನಿಂತಿದ್ದ ಒಬ್ಬರಿಗೆ ಸಹಾಯ ಮಾಡಲು ಒಮ್ಮೆ ಇಳಿದಿದ್ದೆ. ಅವರದು ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರು, ಚೈನ್ ಹಾಕುತ್ತಿದ್ದದ್ದು ಮುಂದಿನ ಚಕ್ರಕ್ಕೆ. ಚೈನ್ ಬೇಕಾದದ್ದು ಶಕ್ತಿ ಹೋಗುವ ಚಕ್ರಕ್ಕೆ. ಬಿಚ್ಚಿ ಹಿಂದಕ್ಕೆ ಹಾಕಲು ಹೋದರೆ ಕೊಂಡಿ ಸೇರಲೇ ಇಲ್ಲ. ಇಂಥ ಕಾರುಗಳಲ್ಲಿ ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ ಇರುತ್ತದೆ, ಅವರು ಮುಂದಿನ ಟೈರಿನ ನಂಬರ್ ನೋಡಿಕೊಂಡು ಅಂಗಡಿಗೆ ಹೋಗಿದ್ದರು. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಚಳಿಗೆ ಅಳುತ್ತಿದ್ದವು. ಅಲ್ಲಿಂದಲೇ ಅವರು ವಾಪಸ್ ಹೋದರು. ಆ ಮಕ್ಕಳ ಮುಖ ಇನ್ನೂ ನೆನಪಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು

ಕಾರಿನ ಮ್ಯಾನ್ಯುಯಲ್ ತೆಗೆದು ಚೈನ್ ಬಗ್ಗೆ ಬರೆದಿರುವ ಪುಟ ಓದಿ. ಯಾವ ಸೈಜಿನ ಟೈರಿಗೆ ಚೈನ್ ಹಾಕಬಹುದು, ಯಾವ ಚಕ್ರಕ್ಕೆ, ಎಷ್ಟು ವೇಗದವರೆಗೆ ಎಂಬುದು ಅಲ್ಲಿರುತ್ತದೆ. ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಆದರೆ ಊಹೆ ಮಾಡಲೇಬೇಡಿ. ಸಾಮಾನ್ಯವಾಗಿ ಆಡಿ ಕ್ವಾಟ್ರೊದಲ್ಲಿ ಮುಂದಿನ ಚಕ್ರಕ್ಕೆ, ಬಿಎಂಡಬ್ಲ್ಯು ಎಕ್ಸ್‌ಡ್ರೈವ್‌ನಲ್ಲಿ ಹಿಂದಿನ ಚಕ್ರಕ್ಕೆ. ಕಂಪನಿಯಿಂದ ಬಂದ ಅಗಲವಾದ ಟೈರಿಗೆ ಚೈನ್ ಹಾಕಲೇಬಾರದು ಅಂತ ಕೆಲವು ಮ್ಯಾನ್ಯುಯಲ್‌ಗಳಲ್ಲಿ ನೇರವಾಗಿ ಬರೆದಿರುತ್ತದೆ. ಹಾಗೆ ಬರೆದಿದ್ದರೆ ಅದನ್ನು ನಂಬಿ.

ಯಾಕೆ ಹಾಕಬಾರದು? ಜಾಗ ಇಲ್ಲ, ಅಷ್ಟೇ. ಚೈನಿನ ಅರ್ಧ ಭಾಗ ನಮ್ಮ ಕಣ್ಣಿಗೆ ಕಾಣದ ಒಳಬದಿಯಲ್ಲಿ ಸುತ್ತುತ್ತದೆ. ಅಲ್ಲೇ ಸಸ್ಪೆನ್ಷನ್ ಕಂಬ, ಬ್ರೇಕ್ ಆಯಿಲ್ ಪೈಪು, ಎಬಿಎಸ್ ಸೆನ್ಸರ್ ವೈರು ಎಲ್ಲ ಇವೆ. ಸಾಮಾನ್ಯ ಕಾರಿನಲ್ಲಿ ಟೈರಿಗೂ ಇವಕ್ಕೂ ನಡುವೆ ಕೈ ತೂರಿಸಬಹುದು, ಸ್ಪೋರ್ಟ್ಸ್ ಕಾರಿನಲ್ಲಿ ಎಷ್ಟೋ ಸಲ ಒಂದು ಬೆರಳು ತೂರುವುದೂ ಕಷ್ಟ. ಅಮೆರಿಕದಲ್ಲಿ ಜಾಗ ಕಡಿಮೆ ಇರುವ ಕಾರುಗಳಿಗೆ ಎಸ್ಎಇ ಕ್ಲಾಸ್ ಎಸ್ ಎಂಬ ಅಳತೆ ಇದೆ. ಅದರ ಪ್ರಕಾರ ಟೈರಿನ ಮೇಲ್ಮೈಯಿಂದ 37 ಮಿಲಿಮೀಟರ್, ಪಕ್ಕದ ಗೋಡೆಯಿಂದ 15 ಮಿಲಿಮೀಟರ್ ಜಾಗ ಖಾಲಿ ಇರಬೇಕು. ಟಾರ್ಚ್ ಹಿಡಿದು ಬಗ್ಗಿ, ಒಂದು ಮರದ ಕಡ್ಡಿಗೆ ಗುರುತು ಹಾಕಿಕೊಂಡು ನೀವೇ ಅಳೆದು ನೋಡಿ. ಕಾರನ್ನು ಇನ್ನೂ ತಗ್ಗಿಸಿದ್ದರೆ ಅಥವಾ ಚಕ್ರವನ್ನು ಹೊರಕ್ಕೆ ತಳ್ಳುವ ಸ್ಪೇಸರ್ ಹಾಕಿಸಿದ್ದರೆ ಈ ಅಳತೆ ಬಿಡಲೇಬೇಡಿ, ಜನ ಮತ್ತು ಸಾಮಾನು ತುಂಬಿದ ಮೇಲೆ ಕಾರು ಇನ್ನೂ ಕೂರುತ್ತದೆ ಅನ್ನೋದೂ ನೆನಪಿರಲಿ.

ಒಳಬದಿಯಲ್ಲಿ ಜಾಗವೇ ಇಲ್ಲದಿದ್ದರೆ ಚಕ್ರದ ಬೋಲ್ಟಿಗೆ ಕಚ್ಚಿಕೊಂಡು ಹೊರಗಿನಿಂದಲೇ ಕೂರುವ ಚೈನ್ ಬರುತ್ತದೆ, ಕೋನಿಗ್ ಕಂಪನಿಯ ಕೆ-ಸಮಿಟ್ ಥರದ್ದು. ಬೆಲೆ ಜಾಸ್ತಿ, ಆದರೆ ತಗ್ಗು ಕಾರಿನವರು ಬೇರೆ ಯೋಚನೆ ಮಾಡದೆ ಅದನ್ನೇ ಕೊಳ್ಳಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಬೋಲ್ಟಿನ ತಲೆ 17 ಮಿಲಿಮೀಟರ್ರೋ 19ರದ್ದೋ ನೋಡಿ, ಅದಕ್ಕೆ ಹೊಂದುವ ಅಡಾಪ್ಟರನ್ನು ಮನೆಯಲ್ಲೇ ಹಾಕಿಟ್ಟುಕೊಳ್ಳಿ.

ಆನ್‌ಲೈನಿನಲ್ಲಿ ಹತ್ತಿಪ್ಪತ್ತು ಡಾಲರಿಗೆ ಸಿಗುವ ಪ್ಲಾಸ್ಟಿಕ್ ಪಟ್ಟಿಗಳನ್ನು ಮುಟ್ಟಬೇಡಿ. ಅವನ್ನು ಚಕ್ರದ ಕಡ್ಡಿಗಳ ನಡುವೆ ತೂರಿಸಿ ಕಟ್ಟಬೇಕು. ಸ್ಪೋರ್ಟ್ಸ್ ಕಾರಿನ ದೊಡ್ಡ ಬ್ರೇಕ್ ಕ್ಯಾಲಿಪರ್ ಚಕ್ರದ ಒಳಗೆ ಮೈಗೆ ಮೈ ತಾಗಿಕೊಂಡೇ ಇರುತ್ತದೆ, ಪಟ್ಟಿ ಅದಕ್ಕೆ ಬಡಿದು ಪಟ್ ಅಂತ ಹರಿಯುತ್ತದೆ. ಟೈರಿಗೆ ಸಿಂಪಡಿಸುವ ಸ್ಪ್ರೇ ಡಬ್ಬಿಗೂ ದುಡ್ಡು ದಂಡ ಮಾಡಬೇಡಿ.

ಇನ್ನೊಂದು ಮಾತು, ಬೇಸಿಗೆ ಟೈರಿನಲ್ಲಿ ಹೋಗಲೇಬೇಡಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಕಡು ಚಳಿಯಲ್ಲಿ ಸೀಳು ಬಿಡುವುದೂ ಉಂಟು. ಚೈನ್ ಹಾಕುವುದು ಎರಡೇ ಚಕ್ರಕ್ಕೆ, ಅಲ್ವಾ? ಹಿಂದಿನ ಚಕ್ರಕ್ಕೆ ಹಾಕಿದರೆ ಕಾರು ಮುಂದಕ್ಕೇನೋ ಹೋಗುತ್ತದೆ. ಆದರೆ ತಿರುಗಿಸುವುದು ಮುಂದಿನ ಟೈರ್, ಬ್ರೇಕಿನ ಹೆಚ್ಚಿನ ಭಾರ ಬೀಳುವುದೂ ಅದರ ಮೇಲೇ. ಸ್ಟೀರಿಂಗ್ ತಿರುಗಿಸುತ್ತೀರಿ, ಕಾರು ನೆಟ್ಟಗೆ ಹೋಗುತ್ತದೆ. ಒಂದು ಇಂಚು ಚಿಕ್ಕ ಚಕ್ರ, ಸ್ವಲ್ಪ ಕಡಿಮೆ ಅಗಲದ ಚಳಿಗಾಲದ ಟೈರ್, ಹೀಗೆ ಎರಡನೇ ಸೆಟ್ ಇಟ್ಟುಕೊಳ್ಳುವುದೇ ಸರಿಯಾದ ದಾರಿ. ಆ ಚಕ್ರದೊಳಗೆ ನಿಮ್ಮ ಬ್ರೇಕ್ ಹಿಡಿಸುತ್ತದಾ ಅಂತ ಮೊದಲೇ ಕೇಳಿ. ಟೈರ್ ಅಗಲ ಕಡಿಮೆಯಾದರೆ ಚೈನಿಗೂ ಜಾಗ ಸಿಗುತ್ತದೆ.

ರಸ್ತೆಯ ನಿಯಮ

ಕ್ಯಾಲಿಫೋರ್ನಿಯಾದಲ್ಲಿ ಮೂರು ಹಂತ. ಆರ್-1 ಅಂದರೆ ಚೈನ್ ಅಥವಾ ಸ್ನೋ ಟೈರ್ ಬೇಕು. ಆರ್-2 ಅಂದರೆ ಎಲ್ಲರಿಗೂ ಚೈನ್ ಕಡ್ಡಾಯ, ನಾಲ್ಕೂ ಚಕ್ರದಲ್ಲಿ ಸ್ನೋ ಟೈರ್ ಇರುವ ಆಲ್ ವೀಲ್ ಡ್ರೈವ್ ಕಾರಿಗೆ ಮಾತ್ರ ವಿನಾಯಿತಿ, ಅವರೂ ಡಿಕ್ಕಿಯಲ್ಲಿ ಚೈನ್ ಇಟ್ಟುಕೊಂಡಿರಲೇಬೇಕು. ಆರ್-3 ಬಂದರೆ ಯಾರಿಗೂ ವಿನಾಯಿತಿ ಇಲ್ಲ, ಆದರೆ ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ರಸ್ತೆಯನ್ನೇ ಮುಚ್ಚಿರುತ್ತಾರೆ. "ನಮ್ಮದು ಆಲ್ ವೀಲ್, ನಮಗ್ಯಾಕೆ ಚೈನ್" ಅಂತ ಹೇಳುವ ಗೆಳೆಯರು ನನಗೆ ತುಂಬ ಜನ ಇದ್ದಾರೆ. ಟೈರಿನ ಮೇಲೆ ಸ್ನೋ ಟೈರ್ ಎಂದು ತೋರಿಸುವ ಎಂ+ಎಸ್ (ಮಡ್ ಅಂಡ್ ಸ್ನೋ) ಗುರುತು ಇಲ್ಲದಿದ್ದರೆ ನಿಮ್ಮ ಆಲ್ ವೀಲ್ ಅಲ್ಲಿ ಲೆಕ್ಕಕ್ಕಿಲ್ಲ. ಹೊರಡುವ ಮುನ್ನ ರಸ್ತೆಯ ಸ್ಥಿತಿ ತೋರಿಸುವ, ರಾಜ್ಯ ಸಾರಿಗೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ನೋಡಿ.

ಹಾಕುವ ಕೆಲಸ

ಮೊದಲ ಸಲ ಹಾಕುವುದು ಮನೆ ಮುಂದೆ, ಹಗಲಲ್ಲಿ, ಒಣ ನೆಲದ ಮೇಲೆ. ಎರಡನೇ ಸಲವೂ ಅಲ್ಲೇ. ಮೂರನೇ ಸಲ ಸ್ಕೀಯಿಂಗ್ ಗ್ಲೌಸ್ ಅಲ್ಲ, ತೆಳುವಾದ ರಬ್ಬರ್ ಗ್ಲೌಸ್ ಹಾಕಿಕೊಂಡು ಮಾಡಿ ನೋಡಿ, ಬೆಟ್ಟದ ಮೇಲೆ ಅದೇ ಉಪಯೋಗಕ್ಕೆ ಬರುವುದು. ಜೊತೆಗೆ ತಲೆಗೆ ಕಟ್ಟುವ ಟಾರ್ಚ್, ಮೊಣಕಾಲಿಗೆ ಹಾಸಿಕೊಳ್ಳಲು ಒಂದು ಪ್ಲಾಸ್ಟಿಕ್ ಶೀಟು. ಜ್ಯಾಕ್ ಬೇಡ, ಹಿಮದ ಮೇಲೆ ಜ್ಯಾಕ್ ಜಾರುತ್ತದೆ.

ಚೈನ್ ಕಡ್ಡಾಯ ಎಂಬ ಬೋರ್ಡಿನಿಂದ ತಪಾಸಣೆಯ ಜಾಗಕ್ಕೆ ಸಾಮಾನ್ಯವಾಗಿ ಒಂದು ಮೈಲಿ ಇರುತ್ತದೆ. ಗಡಿಬಿಡಿ ಮಾಡದೆ ಪೂರ್ತಿ ಬಲಕ್ಕೆ, ಸಮತಟ್ಟಾದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಚ್ಚರಿಕೆ ದೀಪ ಹಾಕಿ. ಮಕ್ಕಳು ಕಾರಿನೊಳಗೇ ಇರಲಿ.

ಎರಡೂ ಚೈನನ್ನು ನೆಲದ ಮೇಲೆ ಹರಡಿ, ಒಂದು ತಿರುಚೂ ಉಳಿಯದ ಹಾಗೆ ಬಿಡಿಸಿ. ಕೊಂಡಿಗಳ ಚೂಪಾದ ತುದಿ ಟೈರಿನ ಕಡೆಗಲ್ಲ, ಹೊರಗಡೆಗೆ ಇರಬೇಕು. ಉಲ್ಟಾ ಹಾಕಿದರೆ ಟೈರಿನ ಗೋಡೆ ಕೊರೆದುಹೋಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಒಳಬದಿಯಲ್ಲಿ ಸುತ್ತುವ ಬಳೆಯಂಥ ತಂತಿಯನ್ನು ಚಕ್ರದ ಹಿಂದೆ ನೆಲದ ಮೇಲೆ ಹಾವಿನ ಹಾಗೆ ತೂರಿಸಿ. ಎರಡೂ ತುದಿ ಹಿಡಿದು ಮೇಲಕ್ಕೆತ್ತಿ, ಟೈರಿನ ನೆತ್ತಿಯ ಮೇಲೆ ಒಂದಕ್ಕೊಂದು ಸೇರಿಸಿ. ಸೇರಿತು ಅಂತ ಸುಮ್ನೆ ಬಿಡಬೇಡಿ. ಈಗ ಆ ಬಳೆಯನ್ನು ಟೈರಿನ ನೆತ್ತಿಯಿಂದ ಹಿಂದಕ್ಕೆ, ಒಳಗೋಡೆಯ ಮೇಲೆ ಬೀಳುವ ಹಾಗೆ ತಳ್ಳಬೇಕು. ಮೇಲ್ಗಡೆ ಮಾತ್ರ ತಳ್ಳಿ ಕೆಳಗಡೆ ಮರೆತರೆ ಬಳೆ ಓರೆಯಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ, ಇಪ್ಪತ್ತು ಮೈಲಿ ವೇಗಕ್ಕೆ ಬಂದ ಕೂಡಲೇ ಒಳಗಿನಿಂದ ಟಕ್ ಟಕ್ ಬಡಿತ ಶುರುವಾಗುತ್ತದೆ. ಅದು ವೈರನ್ನೋ ಬ್ರೇಕ್ ಪೈಪನ್ನೋ ಹೊಡೆಯುತ್ತಿರುವ ಸದ್ದು. ನನ್ನ ಕಾರಿನ ಎಬಿಎಸ್ ವೈರು ಹೀಗೇ ತುಂಡಾಯಿತು. ಅದಕ್ಕೇ ಹೇಳುತ್ತೇನೆ, ಟೈರಿನ ಒಳಬದಿಗೆ ಕೈ ಹಾಕಿ, ಗಡಿಯಾರದ ಹನ್ನೆರಡು, ಮೂರು, ಒಂಬತ್ತರ ಜಾಗ ಮುಟ್ಟಿ ನೋಡಿ. ಮೂರೂ ಕಡೆ ಟೈರಿನ ಅಂಚಿನಿಂದ ಒಂದೇ ದೂರದಲ್ಲಿ ತಂತಿ ಕೈಗೆ ಸಿಗಬೇಕು. ಸಿಗದಿದ್ದರೆ ಬಿಚ್ಚಿ ಮತ್ತೆ ಹಾಕಿ. ಚಳಿ, ಕತ್ತಲೆ, ಹಿಂದೆ ಕಾರುಗಳ ಸಾಲು, ಏನೇ ಇರಲಿ, ಮತ್ತೆ ಹಾಕಿ.

ಆಮೇಲೆ ಹೊರಗಿನ ಕೊಂಡಿ ಸಿಕ್ಕಿಸಿ, ಬಿಗಿ ಮಾಡುವ ಸರಪಳಿಯನ್ನು ಅದರ ಬೀಗದೊಳಗೆ ಎಳೆಯಿರಿ. ಒಂದೇ ಸಲ ಜೋರಾಗಿ ಜಗ್ಗಿದರೆ ಒಂದು ಕಡೆ ಮಾತ್ರ ಬಿಗಿಯಾಗುತ್ತದೆ. ಸ್ವಲ್ಪ ಎಳೆದು, ಚೈನನ್ನು ಟೈರಿನ ಸುತ್ತ ಕೈಯಿಂದ ಅಲುಗಾಡಿಸಿ, ಮತ್ತೆ ಎಳೆಯಿರಿ, ಹೀಗೆ ಮೂರು ನಾಲ್ಕು ಸಲ. ಉಳಿದ ಬಾಲವನ್ನು ತೂಗಾಡಲು ಬಿಡದೆ ಕೊಂಡಿಗೆ ಸಿಕ್ಕಿಸಿ. ಬಾಲ ತೂಗಾಡಿದರೆ ಮಡ್‌ಗಾರ್ಡಿನ ಬಣ್ಣ ಹೋಗುತ್ತದೆ.

ಈಗ ನೂರು ಅಡಿ ನಿಧಾನವಾಗಿ ಓಡಿಸಿ ನಿಲ್ಲಿಸಿ, ಇಳಿದು ಮತ್ತೆ ಬಿಗಿ ಮಾಡಿ. ಹತ್ತರಲ್ಲಿ ಎಂಟು ಜನ ಇದನ್ನು ಮಾಡುವುದಿಲ್ಲ, ಯಾಕೆಂದರೆ ಬೆಚ್ಚಗೆ ಕಾರಿನೊಳಗೆ ಕೂತ ಮೇಲೆ ಮತ್ತೆ ಇಳಿಯಲು ಮನಸ್ಸು ಬರುವುದಿಲ್ಲ. ಆದರೆ ಚಕ್ರ ಒಂದೆರಡು ಸುತ್ತು ತಿರುಗಿದ ಮೇಲೇ ಚೈನ್ ತನ್ನ ಜಾಗಕ್ಕೆ ಕೂರುವುದು, ಆಗ ಕೈಗೆ ಸಿಗುವ ಸಡಿಲ ಆಶ್ಚರ್ಯ ಆಗುವಷ್ಟಿರುತ್ತದೆ. ಸ್ಪೋರ್ಟ್ಸ್ ಕಾರಿನಲ್ಲಿ ಆ ಸಡಿಲಕ್ಕೆ ಎಡೆಯೇ ಇಲ್ಲ.

ಕೈಲಾಗದಿದ್ದರೆ ರಸ್ತೆ ಬದಿಯಲ್ಲಿ ನಂಬರ್ ಇರುವ ಜಾಕೆಟ್ ಹಾಕಿಕೊಂಡ ಪರವಾನಗಿಯ ಚೈನ್ ಹಾಕುವವರು ಇರುತ್ತಾರೆ. ಅವರು ಚೈನ್ ಮಾರುವ ಹಾಗಿಲ್ಲ, ನಿಮ್ಮದನ್ನು ಹಾಕಿಕೊಡುತ್ತಾರೆ ಅಷ್ಟೇ. ಕ್ಯಾಶ್ ಇಟ್ಟುಕೊಂಡಿರಿ, ಅವರ ನಂಬರ್ ಬರೆದುಕೊಳ್ಳಿ, ಒಳಬದಿ ಮುಟ್ಟಿ ನೋಡುವ ಕೆಲಸ ಮಾತ್ರ ನೀವೇ ಮಾಡಿ.

ಓಡಿಸುವುದು, ತೆಗೆಯುವುದು

ಬೋರ್ಡಿನಲ್ಲಿ 25 ಅಥವಾ 30 ಮೈಲಿ ಅಂತಿರುತ್ತದೆ, ಅಂದರೆ ಗಂಟೆಗೆ 40ರಿಂದ 48 ಕಿಲೋಮೀಟರ್. ಅದನ್ನು ದಾಟಬೇಡಿ. ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿರಲಿ. ಚಕ್ರ ಗಿರ್ರನೆ ಸುತ್ತಿದರೆ ಚೈನ್ ಹರಿಯುವುದು ಆಗಲೇ. ಸ್ಪೋರ್ಟ್ ಮೋಡ್ ಬೇಡ, ಸ್ನೋ ಮೋಡ್ ಇದ್ದರೆ ಅದನ್ನು ಹಾಕಿ. ನಿಂತಲ್ಲಿಂದ ಕಾರು ಕದಲದೇ ಇದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ನಿಂತಲ್ಲೇ ಸುತ್ತದಂತೆ ತಡೆಯುವ ವ್ಯವಸ್ಥೆ) ಒಂದು ಕ್ಷಣ ಆಫ್ ಮಾಡಿ, ಹೊರಟ ಕೂಡಲೇ ಮತ್ತೆ ಆನ್ ಮಾಡಿ. ಎಲೆಕ್ಟ್ರಿಕ್ ಕಾರಿನಲ್ಲಿ ಕಾಲು ತೆಗೆದ ಕೂಡಲೇ ಹಿಡಿಯುವ ಬ್ರೇಕಿಂಗ್ ಕಡಿಮೆ ಮಾಡುವ ಆಯ್ಕೆ ಇದ್ದರೆ ಕಡಿಮೆ ಮಾಡಿ, ಇಳಿಜಾರಿನಲ್ಲಿ ಹಿಂಬದಿ ಜಾರುವುದು ತಪ್ಪುತ್ತದೆ. ಹೊಸ ಸದ್ದು ಕೇಳಿದರೆ ರೇಡಿಯೋ ಜೋರು ಮಾಡಬೇಡಿ, ಜಾಗ ನೋಡಿ ನಿಲ್ಲಿಸಿ.

ಚೈನ್ ನಿಯಂತ್ರಣ ಮುಗಿಯಿತು ಎಂಬ ಬೋರ್ಡ್ ಬರುವ ತನಕ ತೆಗೆಯಬೇಡಿ, ಬಂದ ಮೇಲೆ ಒಂದು ಮೈಲಿಯೂ ಹೆಚ್ಚಿಗೆ ಓಡಿಸಬೇಡಿ. ಬರೀ ಡಾಂಬರಿನ ಮೇಲೆ ಚೈನ್ ಬೇಗ ಸವೆಯುತ್ತದೆ. ಹೊರಗಿನ ಕೊಂಡಿ, ಆಮೇಲೆ ಒಳಗಿನ ಬಳೆ ಬಿಚ್ಚಿ ನೆಲಕ್ಕೆ ಬಿಟ್ಟು, ಕಾರನ್ನು ಅದರ ಮೇಲಿಂದ ಮೆಲ್ಲಗೆ ಮುಂದಕ್ಕೆ ತೆಗೆದರೆ ಆಯಿತು.

ಮನೆಗೆ ಬಂದ ದಿನವೇ ಚೈನನ್ನು ಸಿಹಿ ನೀರಿನಲ್ಲಿ ತೊಳೆದು ಒಣಗಿಸಿ, ರಸ್ತೆಗೆ ಹಾಕುವ ಉಪ್ಪು ಒಂದೇ ವಾರದಲ್ಲಿ ತುಕ್ಕು ಹಿಡಿಸುತ್ತದೆ. ಮರುದಿನ ಬೆಳಕಿನಲ್ಲಿ ಟೈರಿನ ಒಳಗೋಡೆಗೆ, ಬ್ರೇಕ್ ಪೈಪಿಗೆ ಉಜ್ಜಿದ ಗುರುತು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಗುರುತು ಕಂಡರೆ ಆ ಚೈನ್ ನಿಮ್ಮ ಕಾರಿನದಲ್ಲ, ಮುಂದಿನ ಟ್ರಿಪ್ಪಿಗೆ ಮೊದಲು ಬೇರೆ ತನ್ನಿ.