ಬ್ಯಾಂಕಾಕ್ ಅರಮನೆಗೆ ಟ್ಯಾಕ್ಸಿ ಬೇಡ, ದೋಣಿ ಹಿಡಿಯಿರಿ
ಬ್ಯಾಂಕಾಕ್‌ನ ಗ್ರ್ಯಾಂಡ್ ಪ್ಯಾಲೇಸ್ ನೋಡುವವರು ಬಿಟಿಎಸ್ (ಮೇಲ್ಸೇತುವೆ ಮೇಲೆ ಓಡುವ ನಗರ ರೈಲು) ಹಿಡಿದು ಸಫಾನ್ ತಕ್ಸಿನ್ ಸ್ಟೇಷನ್‌ಗೆ ಬಂದು, 2ನೇ ಗೇಟಿನಿಂದ ಇಳಿದು, ಪಕ್ಕದ ಸಾಥೋನ್ ದೋಣಿ ಕಟ್ಟೆಯಲ್ಲಿ ಕಿತ್ತಳೆ ಬಾವುಟದ ದೋಣಿ ಹತ್ತಿ. ಅರಮನೆಗೆ ಥಾ ಚಾಂಗ್ ಕಟ್ಟೆಯಲ್ಲಿ, ವಾಟ್ ಫೋ ದೇವಾಲಯಕ್ಕೆ ಥಾ ತಿಯೆನ್ ಕಟ್ಟೆಯಲ್ಲಿ ಇಳಿಯಬೇಕು. ಹಳೇ ಊರಿನ ರಸ್ತೆಗಳಲ್ಲಿ ಟ್ಯಾಕ್ಸಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುತ್ತದೆ. ಚಾವೊ ಫ್ರಾಯಾ ನದಿಯಲ್ಲಿ ಸಿಗ್ನಲ್ಲೇ ಇಲ್ಲ. ಕಟ್ಟೆಯಲ್ಲಿ ಮೊದಲು ಕರೆಯುವುದು ಪ್ರವಾಸಿಗರ ದುಬಾರಿ ದೋಣಿಯವರು, ಬಾವುಟದ ಬಣ್ಣ ನೋಡಿಯೇ ಹತ್ತಿ. ಕಿತ್ತಳೆ ದೋಣಿಗೆ ದೂರ ಎಷ್ಟಾದರೂ ಒಂದೇ ದರ, ಇಪ್ಪತ್ತು ಬಾತ್ (ಥಾಯ್ ಹಣ) ಆಸುಪಾಸು. ಉದ್ದನೆಯ ತಗಡಿನ ಡಬ್ಬಿ ಟಕಟಕ ಅನ್ನಿಸುತ್ತಾ ಬರುವವರೇ ಕಂಡಕ್ಟರ್, ಚಿಲ್ಲರೆ ಕೈಯಲ್ಲಿರಲಿ. ದೋಣಿ ನಿಲ್ಲುವುದು ಕ್ಷಣಹೊತ್ತು, ಹಾಗಾಗಿ ಒಂದು ನಿಲ್ದಾಣ ಮುಂಚೆಯೇ ಬಾಗಿಲ ಕಡೆ ಸರಿಯಿರಿ. ಸಂಜೆ ಕತ್ತಲಾದ ಮೇಲೆ ಇದನ್ನು ನಂಬಬೇಡಿ, ಸರ್ವಿಸ್ ಬೇಗ ಮುಗಿಯುತ್ತದೆ. ಆಫೀಸು ಬಿಡುವ ಹೊತ್ತಿನಲ್ಲಿ ನಿಂತೇ ಹೋಗಬೇಕು, ವಯಸ್ಸಾದವರಿಗೆ ಕಷ್ಟ. ಅಂಥವರಿಗೆ ಎಂಆರ್‌ಟಿ ಮೆಟ್ರೋದ ನೀಲಿ ಮಾರ್ಗದ ಸನಾಮ್ ಚಾಯ್ ಸ್ಟೇಷನ್ ಮೇಲು, ವಾಟ್ ಫೋ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಅರಮನೆಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. ಹೊರಗೆ ಯಾರಾದರೂ "ಇವತ್ತು ಅರಮನೆ ರಜಾ, ಟುಕ್‌ಟುಕ್ ಹತ್ತಿ" ಎಂದರೆ ಕಿವಿಗೇ ಹಾಕಿಕೊಳ್ಳದೆ ಟಿಕೆಟ್ ಕೌಂಟರ್‌ವರೆಗೆ ನಡೆಯಿರಿ.