ಬ್ಯಾಟರಿ ಟರ್ಮಿನಲ್‌ಗೆ ಕಿಲುಬು ಹಿಡಿದಾಗ

ಬೆಳಿಗ್ಗೆ ಕೀ ತಿರುಗಿಸಿದರೆ ಎಂಜಿನ್ ಸದ್ದಿಲ್ಲ, ಬರೀ ಟಿಕ್ ಟಿಕ್. ಡ್ಯಾಶ್‌ಬೋರ್ಡಿನ ದೀಪಗಳು ಉರಿಯುತ್ತವೆ, ಹಾರ್ನ್ ಕೂಗುತ್ತದೆ, ಸ್ಟಾರ್ಟರ್ ಮಾತ್ರ ತಿರುಗುವುದಿಲ್ಲ. ಬ್ಯಾಟರಿ ಸತ್ತಿತೆಂದು ಹೊಸದನ್ನು ತರಲು ಹೊರಡುವ ಮುನ್ನ ಒಮ್ಮೆ ಬಾನೆಟ್ ಎತ್ತಿ ನೋಡಿ. ಬ್ಯಾಟರಿಯ ಮೇಲಿನ ಎರಡು ಕಂಬಗಳಲ್ಲಿ ಒಂದರ ಸುತ್ತ ಬಿಳಿಯ ಅಥವಾ ನೀಲಿ ಹಸಿರಿನ ಪುಡಿ ಬೂಷ್ಟಿನಂತೆ ಉಬ್ಬಿ ಕುಳಿತಿದ್ದರೆ, ಒಂದು ಗಂಟೆಯ ಕೆಲಸದಲ್ಲಿ ಕಾರು ಮತ್ತೆ ಹೊರಡುವ ಸಾಧ್ಯತೆ ಬಹಳ.

ಇದನ್ನು ತುಕ್ಕು ಎನ್ನುವುದು ರೂಢಿ. ತುಕ್ಕು ಕಬ್ಬಿಣದ್ದು, ಇಲ್ಲಿರುವುದು ಸೀಸ, ತಾಮ್ರ, ಹಿತ್ತಾಳೆ. ಕಿಲುಬು ಎಂಬ ಮಾತೇ ಇದಕ್ಕೆ ಸರಿ. ಬ್ಯಾಟರಿಯೊಳಗೆ ನೀರು ಬೆರೆತ ಸಲ್ಫ್ಯೂರಿಕ್ ಆಮ್ಲವಿದೆ. ಚಾರ್ಜ್ ಆಗುವಾಗ ಹೊರಬರುವ ಅನಿಲದ ಜೊತೆ ಅದರ ಸೂಕ್ಷ್ಮ ಹನಿಗಳೂ ಬರುತ್ತವೆ. ಕಂಬದ ಬುಡದ ಸೀಲ್ ಬಿರುಕು ಬಿಟ್ಟಿದ್ದರೆ ಆಮ್ಲ ಅಲ್ಲಿಂದಲೂ ಒಸರುತ್ತದೆ. ಸೀಸವನ್ನು ತಾಗಿದಾಗ ಬಿಳಿಯ ಸೀಸದ ಸಲ್ಫೇಟ್ ಆಗುತ್ತದೆ. ತಾಮ್ರವನ್ನು ತಾಗಿದಾಗ ಆಗುವುದು ನೀಲಿಯ ತಾಮ್ರದ ಸಲ್ಫೇಟ್, ಅಂದರೆ ನಮಗೆ ಗೊತ್ತಿರುವ ಮೈಲುತುತ್ತ.

ದೀಪ ಉರಿದರೂ ಎಂಜಿನ್ ಏಕೆ ಏಳುವುದಿಲ್ಲ? ಸ್ಟಾರ್ಟರ್ ಮೋಟಾರ್ ಒಂದೆರಡು ಕ್ಷಣ 150 ಆಂಪಿಯರ್, ಕೆಲವೊಮ್ಮೆ ಅದಕ್ಕೂ ಹೆಚ್ಚು ವಿದ್ಯುತ್ ಎಳೆಯುತ್ತದೆ. ಕಂಬಕ್ಕೂ ಅದನ್ನು ಬಳೆಯಂತೆ ಹಿಡಿದಿರುವ ಕೇಬಲ್‌ನ ಕ್ಲ್ಯಾಂಪಿಗೂ ನಡುವೆ ಕೂತ ಕಿಲುಬು ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ರೋಧ ಒಡ್ಡಿದರೂ 1.5 ವೋಲ್ಟ್ ಅಲ್ಲೇ ಸೋರಿಹೋಯಿತು. ಪದರ ಇನ್ನಷ್ಟು ದಪ್ಪವಾದರೆ ಸ್ಟಾರ್ಟರ್‌ಗೆ ಬಲವೇ ಸಿಗದು. ದೀಪಗಳಿಗೆ ಬೇಕಾದದ್ದು ಕೆಲವೇ ಆಂಪಿಯರ್, ಹಾಗಾಗಿ ಅವು ಎಂದಿನಂತೆ ಉರಿಯುತ್ತವೆ.

ಮೊದಲ ಬಾರಿ ನಾನು ಮಾಡಿದ್ದು ಮೇಲಿನಿಂದ ಸೋಡಾ ನೀರು, ಅಂದರೆ ಅಡಿಗೆ ಸೋಡಾ ಕಲಸಿದ ನೀರು, ಸುರಿದು ಉಜ್ಜುವುದನ್ನು ಮಾತ್ರ. ಪುಡಿ ಹೋಯಿತು, ಎಲ್ಲವೂ ಶುಭ್ರವಾಗಿ ಕಂಡಿತು. ಮೂರೇ ದಿನಕ್ಕೆ ಮತ್ತೆ ಅದೇ ಟಿಕ್ ಟಿಕ್. ಕ್ಲ್ಯಾಂಪ್ ಕಳಚಿ ನೋಡಿದರೆ ಅದರ ಒಳಬಳೆಯಲ್ಲಿ ಸ್ಲೇಟಿನ ಬಣ್ಣದ ನುಣುಪಾದ ಪದರ. ಸ್ಕ್ರೂ ಡ್ರೈವರ್ ತುದಿಯಿಂದ ಗೀರಿದಾಗ ಅಡಿಯಿಂದ ಹೊಳೆಯುವ ಲೋಹದ ಗೆರೆ ಕಂಡಿತು. ಸ್ಟಾರ್ಟರ್‌ನ ವಿದ್ಯುತ್ತೆಲ್ಲ ಹಾಯಬೇಕಾದದ್ದು ಆ ಒಳಮೈಯಲ್ಲಿ. ಅದನ್ನು ಬಿಡಿಸದೆ ಹೊರಗಿನದನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಕೆಲಸಕ್ಕೆ ಕೂರುವ ಮುನ್ನ

ರಬ್ಬರ್ ಕೈಗವಸು, ಕಣ್ಣಿಗೆ ರಕ್ಷಣೆಯ ಕನ್ನಡಕ ಬೇಕೇ ಬೇಕು. ಉಂಗುರ, ಗಡಿಯಾರ, ಬಳೆ ತೆಗೆದಿಡಿ. ಬ್ಯಾಟರಿಯಿಂದ ಬರುವ ಅನಿಲದಲ್ಲಿ ಜಲಜನಕವಿದೆ, ಕಿಡಿ ಸೋಕಿದರೆ ಸಿಡಿಯುತ್ತದೆ. ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ ಕೆಲಸ ಮಾಡಿ. ಈಗಷ್ಟೇ ಓಡಿಸಿದ ಕಾರಾದರೆ ಸ್ವಲ್ಪ ಹೊತ್ತು ಬಿಡಿ. ಒಣಪುಡಿಯನ್ನು ಎಂದೂ ಉಜ್ಜಬೇಡಿ, ಊದಲೂಬೇಡಿ. ಅದರಲ್ಲಿ ಸೀಸವಿದೆ, ಉಸಿರಿನೊಳಗೆ ಹೋಗುವುದು ಸಣ್ಣ ವಿಷಯವಲ್ಲ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಕೈ ಹಾಕಬೇಡಿ. ರೇಡಿಯೊಗೆ ಕೋಡ್ ಬೇಕಾಗುವ ಕಾರಾದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಬಿಚ್ಚುವುದು

ಎಂಜಿನ್ ನಿಲ್ಲಿಸಿ, ಕೀ ತೆಗೆದು, ಮೊದಲು ಋಣ ಟರ್ಮಿನಲ್ ಬಿಚ್ಚಿ. ಈ ಕ್ರಮ ತಪ್ಪಬಾರದು. ಇಂದಿನ ಕಾರುಗಳಲ್ಲಿ ಋಣ ತುದಿ ಕಾರಿನ ಲೋಹದ ಮೈಗೇ ಸೇರಿರುತ್ತದೆ. ಅದು ಸೇರಿರುವಾಗ ಧನ ತುದಿಯನ್ನು ಬಿಚ್ಚಹೊರಟು ಸ್ಪ್ಯಾನರ್‌ನ ಇನ್ನೊಂದು ತುದಿ ಕಾರಿನ ಮೈಗೆ ತಾಗಿತೆಂದರೆ ನೇರ ಶಾರ್ಟ್: ನೂರಾರು ಆಂಪಿಯರ್, ಕಣ್ಣು ಕೋರೈಸುವ ಕಿಡಿ, ಕೆಂಪಗೆ ಕಾಯುವ ಸ್ಪ್ಯಾನರ್. ಋಣ ತುದಿ ಮೊದಲೇ ಕಳಚಿದ್ದರೆ ಈ ಅಪಾಯವಿಲ್ಲ. ಕಿಲುಬಿನಲ್ಲಿ ಗುರುತುಗಳು ಮುಚ್ಚಿಹೋಗಿದ್ದರೆ ಗಾಬರಿ ಬೇಡ. ಧನ ಕಂಬ ಋಣ ಕಂಬಕ್ಕಿಂತ ತುಸು ದಪ್ಪ, ಅದರ ಕೇಬಲ್ ಅಥವಾ ಮುಚ್ಚಳ ಸಾಮಾನ್ಯವಾಗಿ ಕೆಂಪು.

ನಟ್ ಹೆಚ್ಚಾಗಿ 10 ಮಿ.ಮೀ. ಸ್ಪ್ಯಾನರ್‌ಗೆ ಹೊಂದುತ್ತದೆ. ಸಡಿಲಿಸಿದ ಮೇಲೂ ಕ್ಲ್ಯಾಂಪ್ ಅಲ್ಲಾಡದಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಸ್ಕ್ರೂ ಡ್ರೈವರ್ ತುರುಕಿ ಮೀಟಬೇಡಿ. ಸೀಸ ಮೆತ್ತನೆಯ ಲೋಹ. ಕಂಬ ಬಾಗುತ್ತದೆ, ಬುಡದ ಸೀಲ್ ಬಿರಿಯುತ್ತದೆ. ಸ್ವಲ್ಪ ಸೋಡಾ ನೀರು ಹನಿಸಿ, ಎರಡು ನಿಮಿಷ ಬಿಟ್ಟು, ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚುತ್ತಾ ಮೇಲೆತ್ತಿ.

ತೊಳೆಯುವುದು

ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಸಾಕು. ಮುಚ್ಚಳಗಳಿರುವ ಬ್ಯಾಟರಿಯಾದರೆ ಅವು ಬಿಗಿಯಾಗಿವೆಯೇ ನೋಡಿಕೊಳ್ಳಿ. ಸೋಡಾ ಒಳಗೆ ಇಳಿದರೆ ಅಲ್ಲಿ ಇರಲೇಬೇಕಾದ ಆಮ್ಲವನ್ನೇ ಕೊಲ್ಲುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ದ್ರಾವಣ ಹಚ್ಚಿದೊಡನೆ ನೊರೆ ಏಳುತ್ತದೆ. ಸೋಡಾ ಆಮ್ಲವನ್ನು ತಟಸ್ಥಗೊಳಿಸುವಾಗ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಅದು. ಹೊಸದಾಗಿ ಹಚ್ಚಿದರೂ ನೊರೆ ಬಾರದ ತನಕ ಹಚ್ಚುತ್ತಿರಿ, ಬಳಿಕ ಶುದ್ಧ ನೀರಿನಿಂದ ಸ್ವಲ್ಪ ಸ್ವಲ್ಪವಾಗಿ ತೊಳೆದು ಪೂರ್ತಿ ಒರೆಸಿ.

ಈಗ ಒಳಮೈ. ಕ್ಲ್ಯಾಂಪಿನ ಬಳೆಯ ಒಳಭಾಗವನ್ನೂ ಕಂಬದ ಸುತ್ತನ್ನೂ ತೇವವಿರಿಸಿಕೊಂಡೇ ತಂತಿ ಬ್ರಷ್‌ನಿಂದಲೋ ನಯವಾದ ಉಪ್ಪುಕಾಗದದಿಂದಲೋ ಉಜ್ಜಿ. ಬೂದು ಬಣ್ಣ ಹೋಗಿ ಸುತ್ತಲೂ ಲೋಹ ಹೊಳೆದರೆ ಸಾಕು, ಅದಕ್ಕಿಂತ ಹೆಚ್ಚು ಸವೆಸಿದರೆ ಕ್ಲ್ಯಾಂಪ್ ಬಿಗಿಯಾಗಿ ಕೂರದು. ಕೇಬಲ್ಲಿನ ಹೊದಿಕೆ ಉಬ್ಬಿದ್ದು, ಒಳಗಿನ ಎಳೆಗಳು ಹಸಿರಾಗಿದ್ದರೆ ಕಿಲುಬು ಒಳಗೇ ಹಬ್ಬಿದೆ ಎಂದರ್ಥ. ಆ ಕೇಬಲ್ ಬದಲಿಸಲೇಬೇಕು.

ಜೋಡಿಸುವುದು

ಒಣಗಿದ ಮೇಲೆ ಕ್ರಮ ತಿರುಗುಮುರುಗು: ಮೊದಲು ಧನ, ಕೊನೆಗೆ ಋಣ. ಕೈಯಿಂದ ತಿರುಚಿದರೆ ಕ್ಲ್ಯಾಂಪ್ ಅಲ್ಲಾಡಬಾರದು. ಬಿಗಿಸಿದ ಮೇಲೆಯೇ ಹೊರಗೆ ವ್ಯಾಸಲೀನ್ ತೆಳುವಾಗಿ ಸವರಿ. ಅದು ತೇವವನ್ನೂ ಆಮ್ಲದ ಹನಿಯನ್ನೂ ತಡೆಯುತ್ತದೆ. ಬಳಸಿದ ಬಟ್ಟೆಯನ್ನು ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ. ಕೈಗಳನ್ನು ಸೋಪಿನಿಂದ ಚೆನ್ನಾಗಿ ತೊಳೆಯಿರಿ.

ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಕೆಲಸ ಸರಿಯಾಯಿತೇ ಎಂದು ಅಳೆಯಬಹುದು. ಅದರ ಎರಡು ತಂತಿಗಳಲ್ಲಿ ಒಂದರ ಮೊನೆಯನ್ನು ಕಂಬದ ನೆತ್ತಿಗೂ ಇನ್ನೊಂದನ್ನು ಕ್ಲ್ಯಾಂಪಿಗೂ ಹಿಡಿದು, ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ. 0.1 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಜೋಡಣೆ ಚೆನ್ನಾಗಿದೆ. ಅರ್ಧ ವೋಲ್ಟ್ ತೋರಿಸಿದರೆ ಒಳಮೈಯಲ್ಲಿ ಇನ್ನೂ ಪದರ ಉಳಿದಿದೆ, ಮತ್ತೊಮ್ಮೆ ಬಿಚ್ಚಿ.

ಕೆಲವೇ ವಾರಗಳಲ್ಲಿ ಪುಡಿ ಮರಳಿದರೆ ಕಾರಣ ಹುಡುಕಬೇಕು. ಬಟ್ಟಿ ಇಳಿಸಿದ ನೀರನ್ನು ಗುರುತಿಗಿಂತ ಮೇಲೆ ತುಂಬಿದ್ದರೆ ಆಮ್ಲ ಉಕ್ಕುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳ ನಡುವೆ ಸಾಮಾನ್ಯವಾಗಿ 14 ವೋಲ್ಟ್ ಆಸುಪಾಸು ಇರಬೇಕು. 15 ದಾಟಿ ನಿಂತಿದ್ದರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್‌ನ ರೆಗ್ಯುಲೇಟರ್ ಅತಿಯಾಗಿ ಚಾರ್ಜ್ ಮಾಡುತ್ತಿದೆ, ಅದನ್ನು ಮೆಕ್ಯಾನಿಕ್‌ಗೆ ತೋರಿಸಿ. ಇವೆರಡೂ ಸರಿಯಿದ್ದು ಕಂಬದ ಬುಡ ಮಾತ್ರ ಸದಾ ಒದ್ದೆಯಾಗಿದ್ದರೆ ಸೀಲ್ ಹೋಗಿದೆ. ಆಗ ಮಾತ್ರ ಹೊಸ ಬ್ಯಾಟರಿ ತನ್ನಿ.