ಭಾವು ದಾಜಿ ಲಾಡ್ ಮ್ಯೂಸಿಯಂ: ಮೊದಲು ಛಾವಣಿ, ಆಮೇಲೆ ಮಹಡಿ

ಮುಂಬಯಿಯ ಚರಿತ್ರೆ ತಿಳಿಯಬೇಕೆನ್ನುವವರನ್ನು ನಾನು ಮೊದಲು ಕರೆದೊಯ್ಯುವುದು ಬೈಕುಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂಗೆ. ಬುಧವಾರ ಮ್ಯೂಸಿಯಂಗೂ ಪಕ್ಕದ ರಾಣಿಬಾಗ್ ಮೃಗಾಲಯಕ್ಕೂ ರಜೆ. ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚಿದ್ದೂ ಉಂಟು, ಹಾಗಾಗಿ ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಸೆಂಟ್ರಲ್ ಲೈನಿನ ಬೈಕುಲಾದಲ್ಲಿ ಪೂರ್ವಕ್ಕೆ ಇಳಿದರೆ ನಡೆದೇ ಹೋಗಬಹುದು. ಮಕ್ಕಳಿದ್ದರೆ ಮ್ಯೂಸಿಯಂ ಮೊದಲು, ಪೆಂಗ್ವಿನ್ ಆಮೇಲೆ. ತಿರುಗಾಮುರುಗಾ ಮಾಡಿದರೆ ದಣಿದ ಮಕ್ಕಳು ಒಳಗೆ ಏನನ್ನೂ ನೋಡುವುದಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಗಾಜಿನ ಕಪಾಟುಗಳ ಕಡೆ ಯಾರನ್ನೂ ಬಿಡುವುದಿಲ್ಲ. ಐದು ನಿಮಿಷ ಕತ್ತೆತ್ತಿ ನಿಲ್ಲಿಸುತ್ತೇನೆ. 1872ರಲ್ಲಿ ಜನರಿಗೆ ತೆರೆದ ಕಟ್ಟಡವಿದು. ಶಿಥಿಲವಾಗಿದ್ದ ಇದನ್ನು 2003ರಿಂದ ಐದು ವರ್ಷ ಮುಚ್ಚಿ, ಸಂರಕ್ಷಣಾ ವಾಸ್ತುಶಿಲ್ಪಿ ವಿಕಾಸ್ ದಿಲಾವರಿ ಅವರ ನೇತೃತ್ವದಲ್ಲಿ ಸರಿಪಡಿಸಿ 2008ರಲ್ಲಿ ಮತ್ತೆ ತೆರೆದರು. 2005ರಲ್ಲೇ ಯುನೆಸ್ಕೋ ಪ್ರಶಸ್ತಿ ಬಂದಿತ್ತು. ಎರಕದ ಕಬ್ಬಿಣದ ಕಂಬಗಳು, ಅವುಗಳ ತಲೆಯ ಮೇಲೆ ಹಚ್ಚಿದ ಚಿನ್ನದ ರೇಕು, ಛಾವಣಿಯ ಚಿತ್ತಾರ, ಕಾಲಡಿಯ ಇಂಗ್ಲೆಂಡಿನ ಮಿಂಟನ್ ಕಂಪನಿಯ ಟೈಲ್ಸ್, ಇವನ್ನು ನೋಡದೆ ಮುಂದೆ ಹೋದರೆ ಇಲ್ಲಿನ ಅತಿ ದೊಡ್ಡ ವಸ್ತುವನ್ನೇ ಬಿಟ್ಟಂತೆ.

ಅಲ್ಲಿಂದ ಸೀದಾ ಮೆಟ್ಟಿಲೇರಿ. ಹೆಚ್ಚಿನವರು ಕೆಳಗಿನ ಪಿಂಗಾಣಿ, ಬೆಳ್ಳಿ ಸಾಮಾನುಗಳಲ್ಲೇ ಕಾಲು ಸೋತು, ಮಹಡಿಯನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಊರಿನ ಕಥೆ ಇರುವುದು ಮೇಲಿನ ಮುಂಬಯಿ ಗ್ಯಾಲರಿಯಲ್ಲಿ. ಹಳೆಯ ನಕ್ಷೆಯ ಮುಂದೆ ನಿಂತು ಕೊಲಾಬಾ, ಪುಟ್ಟ ಕೊಲಾಬಾ, ಬಾಂಬೆ, ಮಜಗಾಂವ್, ಪರೇಲ್, ವರ್ಲಿ, ಮಾಹಿಮ್ ಎಂದು ಏಳು ದ್ವೀಪಗಳನ್ನು ಮಕ್ಕಳಿಂದ ಹೇಳಿಸುತ್ತೇನೆ. 1780ರ ದಶಕದಲ್ಲಿ ಹಾರ್ನ್‌ಬಿ ವೆಲ್ಲಾರ್ಡ್ ಒಡ್ಡು ಕಟ್ಟಿ ವರ್ಲಿ ಕಡೆಯಿಂದ ನುಗ್ಗುವ ಸಮುದ್ರವನ್ನು ತಡೆಯುವ ತನಕ ಬೈಕುಲಾದ ತಗ್ಗು ಪ್ರದೇಶ ಉಬ್ಬರದಲ್ಲಿ ಮುಳುಗುತ್ತಿತ್ತು. ಇಷ್ಟು ಹೇಳಿದರೆ ನಕ್ಷೆ ತಾನಾಗಿ ಅರ್ಥವಾಗುತ್ತದೆ.

ಜನಜೀವನದ ಪುಟ್ಟ ಬೊಂಬೆಗಳನ್ನು ಬಗ್ಗಿ ನೋಡಬೇಕು. ಪೇಟ ಕಟ್ಟಿದ ರೀತಿ, ಸೀರೆಯ ಕಚ್ಚೆ, ಕೈಲಿರುವ ಸಲಕರಣೆ, ಹೀಗೆ ಒಂದೊಂದಾಗಿ ಗಮನಿಸಿದರೆ ಯಾರು ಯಾವ ಕಸುಬಿನವರೆಂದು ಫಲಕ ಓದದೆಯೇ ಊಹಿಸಬಹುದು. ಇವು ಬ್ರಿಟಿಷರ ಕಾಲದಲ್ಲಿ ಜನರನ್ನು ಜಾತಿ, ಕಸುಬುಗಳ ಪಡಿಯಚ್ಚಿನಲ್ಲಿ ವಿಂಗಡಿಸಿದ ಕಣ್ಣಿನಿಂದ ಮಾಡಿದವು ಎಂಬುದನ್ನೂ ಹೇಳಲೇಬೇಕು. ಪಾರ್ಸಿಗಳ ದಖ್ಮಾದ, ಅಂದರೆ ಶವಗಳನ್ನು ಹದ್ದುಗಳಿಗೆ ಬಿಡುವ ಗೋಪುರದ, ಮಾದರಿಯನ್ನಂತೂ ತಪ್ಪಿಸಬೇಡಿ. ನಿಜವಾದದ್ದರ ಒಳಗೆ ನಮಗೆ ಪ್ರವೇಶವಿಲ್ಲ.

ಫೋಟೋ ಕೆಡುವುದು ಗಾಜಿನ ಪ್ರತಿಫಲನದಿಂದ. ಫ್ಲಾಶ್ ಬೇಡವೇ ಬೇಡ, ಬಣ್ಣಕ್ಕೂ ಅದು ಹಾನಿ. ಮೊಬೈಲನ್ನು ಗಾಜಿಗೆ ತಾಗಿಸದೆ ಒಂದು ಬೆರಳಿನಷ್ಟು ಹತ್ತಿರ ಹಿಡಿದು ತುಸು ಓರೆಯಾಗಿಸಿ. ಬಿಳಿ ಅಂಗಿ ಗಾಜಿನಲ್ಲಿ ಮೂಡುತ್ತದೆ, ಗಾಢ ಬಣ್ಣದ್ದು ಹಾಕಿಕೊಂಡು ಹೋಗಿ.

ಕೆಳಗಿಳಿದ ಮೇಲೆ ಎರಡೇ ಸಾಕು: ಅಜಂತಾ ಚಿತ್ರಗಳನ್ನು ಬಿಡಿಸಿದ ಬಾಂಬೆ ಸ್ಕೂಲ್ ಆಫ್ ಆರ್ಟ್‌ನ ಕುಂಭಗಳು, ನಮ್ಮ ಬೀದರಿನ ಬಿದರಿ ಕೆಲಸ. ಸತು ಹೆಚ್ಚು, ತಾಮ್ರ ಕಡಿಮೆ ಇರುವ ಎರಕದಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ನೀರಿನಲ್ಲಿ ಕಾಯಿಸಿದಾಗ ಎರಕ ಮಾತ್ರ ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ.

ಹೊರಗೆ ಘಾರಾಪುರಿಯ ಕಲ್ಲಾನೆ ಇದೆ. ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದದ್ದು ಇದನ್ನು ನೋಡಿಯೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಹೊರಟಾಗ ಕ್ರೇನ್ ಮುರಿದು ಚೂರಾದದ್ದನ್ನು 1914ರಲ್ಲಿ ಜೋಡಿಸಿದರು. ಸುತ್ತ ನಡೆದು ಬೆಸುಗೆಯ ಗೆರೆಗಳನ್ನು ಹುಡುಕಿ. ದಕ್ಷಿಣ ಮುಂಬಯಿಯ ಕಾಲಾ ಘೋಡಾ (ಕಪ್ಪು ಕುದುರೆ) ಪ್ರದೇಶಕ್ಕೆ ಹೆಸರು ಕೊಟ್ಟ, ಏಳನೇ ಎಡ್ವರ್ಡ್ ಕುದುರೆಯೇರಿದ ಪ್ರತಿಮೆಯೂ 1965ರಲ್ಲಿ ಕೋಟೆ ಪ್ರದೇಶದಿಂದ ಇಲ್ಲಿಗೇ ಬಂತು. ಸಂಜೆ ಆ ಕಡೆ ಹೋಗುವವರು ಇದನ್ನು ಮೊದಲೇ ನೋಡಿಕೊಂಡರೆ, 2017ರಲ್ಲಿ ಅಲ್ಲಿ ನಿಲ್ಲಿಸಿದ ಸವಾರನಿಲ್ಲದ ಕುದುರೆಯನ್ನು ಹೋಲಿಸಿ ನೋಡಬಹುದು.